ಎದೆಯಲ್ಲಿ ಗಂಟು, ಕೈಯಲ್ಲಿ ಚೀಟಿ: ಯಾವ ಪರೀಕ್ಷೆ, ಯಾರಿಗೆ, ಎಲ್ಲಿ?

ನಮ್ಮ ಚಿಗವ್ವನ ಊರು ಗದಗದ ಹತ್ತಿರ. ಒಂದು ದಿನ ಮೈ ತೊಳೆಯುವಾಗ ಎಡಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಹತ್ತಿತು. "ನೋವಿಲ್ಲ ಬಿಡವಾ, ಏನಾಗತೈತಿ" ಅಂತ ತನಗೆ ತಾನೇ ಹೇಳಿಕೊಂಡು ಏಳು ತಿಂಗಳು ಸುಮ್ನಿದ್ದಳು. ಸೀಗಿ ಹುಣ್ಣಿಮೆಗೆ ನಾನು ಧಾರವಾಡದಿಂದ ಹೋದಾಗ, ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕುಬಸದ ಮೇಲಿಂದಲೇ ಮುಟ್ಟಿಸಿದಳು. ಅಷ್ಟೊತ್ತಿಗೆ ಅದು ಅಡಿಕೆಯಷ್ಟಾಗಿತ್ತು.

ಆಕೆ ತಡ ಮಾಡಿದಳು, ಸರಿ. ಆದರೆ ಆಮೇಲೆ ನಾವು ಗಡಿಬಿಡಿಯಲ್ಲಿ ಮಾಡಿದ್ದೂ ತಪ್ಪೇ. ಸಮೀಪದ ಒಂದು ಸಣ್ಣ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಇಲ್ಲ, ಸೂಜಿ ಪರೀಕ್ಷೆ ಇಲ್ಲ. "ಅರ್ಧ ತಾಸಿನ ಕೆಲಸ, ತೆಗೆದುಬಿಡೋಣ" ಅಂದರು. ನಾವೂ ಹೂಂ ಅಂದೆವು. ತೆಗೆದ ತುಂಡನ್ನು ಡಬ್ಬಿಯಲ್ಲಿ ಹಾಕಿ ನಮ್ಮ ಕೈಗೇ ಕೊಟ್ಟು, ಲ್ಯಾಬಿಗೆ ಒಯ್ಯಿರಿ ಅಂದರು. ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ಕ್ಯಾನ್ಸರ್. ಅದೂ ಕತ್ತರಿಸಿದ ಅಂಚಿನವರೆಗೂ ಇತ್ತು, ಅಂದರೆ ಒಳಗೆ ಇನ್ನೂ ಉಳಿದಿರಬಹುದು. ಹುಬ್ಬಳ್ಳಿಯಲ್ಲಿ ಮತ್ತೊಂದು ಆಪರೇಷನ್ ಆಯಿತು. ಮೊದಲನೆಯದರ ಹೊಲಿಗೆ ಇನ್ನೂ ಹಸಿಯಾಗಿತ್ತು.

ನಾನು ಡಾಕ್ಟರ್ ಅಲ್ಲ. ಚಿಗವ್ವನ ಜೊತೆ ಒಂದೂವರೆ ವರ್ಷ ದವಾಖಾನೆ ಸುತ್ತಿದವಳು. ಆಗ ಯಾರಾದರೂ ಕೂರಿಸಿಕೊಂಡು "ನಿಮ್ಮ ಮುಂದೆ ಇಷ್ಟು ದಾರಿ ಇದೆ, ಇದು ಇಂಥವರಿಗೆ, ಅದು ಅಂಥವರಿಗೆ" ಅಂತ ಹೇಳಿದ್ದರೆ ಚೆನ್ನಾಗಿತ್ತು ಅನಿಸಿತ್ತು. ಅದಕ್ಕೇ ಇದು.

ಮೊದಲು ಒಂದೇ ಪ್ರಶ್ನೆ

ಕೈಯೋ, ಸ್ಕ್ಯಾನಿಂಗೋ, ಮ್ಯಾಮೊಗ್ರಾಮೋ ಅಂತ ಹೋಲಿಸುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬೇಕು: ನಿಮಗೆ ಏನಾದರೂ ಲಕ್ಷಣ ಇದೆಯೋ ಇಲ್ಲವೋ?

ಏನೂ ಇಲ್ಲದೇ ಮುನ್ನೆಚ್ಚರಿಕೆಗೆ ನೋಡಿಸಿಕೊಳ್ಳುವುದು ತಪಾಸಣೆ. ಏನೋ ಕಂಡ ಮೇಲೆ ಅದೇನು ಅಂತ ಪಕ್ಕಾ ಮಾಡಿಕೊಳ್ಳುವುದು ರೋಗಪತ್ತೆ. ಯಂತ್ರ ಅದೇ ಇರಬಹುದು, ಆದರೆ ದಾರಿ ಬೇರೆ. ಗಂಟು ಇರುವಾಕೆ ಉಚಿತ ಶಿಬಿರಕ್ಕೆ ಕಾಯಬಾರದು. ಶಿಬಿರದಲ್ಲಿ "ನಾರ್ಮಲ್" ಅಂತ ಬರೆದುಕೊಟ್ಟರೂ ಗಂಟು ಅಲ್ಲೇ ಇದ್ದರೆ ಆ ಚೀಟಿಗೆ ಬೆಲೆ ಇಲ್ಲ. ಇಡೀ ಬರಹದಲ್ಲಿ ಇದೊಂದು ಮಾತು ನೆನಪಿಟ್ಟರೂ ನನಗೆ ಸಾಕು.

ಲಕ್ಷಣ ಅಂದರೆ ಯಾವುವು? ಹೊಸದಾಗಿ ಕೈಗೆ ಹತ್ತಿದ ಗಟ್ಟಿ ಗಂಟು, ಅದರಲ್ಲೂ ನೋವಿಲ್ಲದ್ದು. ಕಂಕುಳಲ್ಲಿ ಗಡ್ಡೆ. ಚರ್ಮ ಒಂದು ಕಡೆ ಒಳಗೆ ಎಳೆದ ಹಾಗೆ ಕುಳಿ ಬೀಳುವುದು, ಇಲ್ಲವೇ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗಿ ಚುಕ್ಕಿ ಚುಕ್ಕಿ ಕಾಣುವುದು. ಮೊದಲು ಸರಿಯಿದ್ದ ತೊಟ್ಟು ಈಚೆಗೆ ಒಳಗೆ ಹೋಗಿರುವುದು. ಒಂದೇ ಕಡೆ ತೊಟ್ಟಿನಿಂದ, ಒತ್ತದೇ ಇದ್ದರೂ, ರಕ್ತ ಅಥವಾ ನೀರಿನಂಥದ್ದು ಬರುವುದು. ತೊಟ್ಟಿನ ಮೇಲೆ ಇಸುಬಿನ ಹಾಗೆ ಆಗಿ ಮುಲಾಮಿಗೂ ವಾಸಿಯಾಗದೇ ಇರುವುದು.

ನೋವಿನ ಬಗ್ಗೆ ನಮ್ಮಲ್ಲಿ ಲೆಕ್ಕವೇ ಉಲ್ಟಾ. ನೋವಿದ್ದರೆ ಹೆದರಿ ಓಡುತ್ತೇವೆ, ನೋವಿಲ್ಲದಿದ್ದರೆ ಬಿಡುತ್ತೇವೆ. ಮುಟ್ಟಿನ ಮುಂಚೆ ಎರಡೂ ಕಡೆ ಭಾರವಾಗಿ ನೋಯುವುದು ಬಹಳ ಮಂದಿಗೆ ಇರುವಂಥದ್ದೇ, ಮುಟ್ಟು ಮುಗಿದ ಮೇಲೆ ಇಳಿಯುತ್ತದೆ. ಸಿಗುವ ಗಂಟುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದ ಹುಡುಗಿಯರಲ್ಲಿ ಗೋಲಿಯ ಹಾಗೆ ಬೆರಳಿಗೆ ಸಿಕ್ಕಿ ಜಾರುವ ಗಂಟು ಸಾಮಾನ್ಯವಾಗಿ ಫೈಬ್ರೊಅಡಿನೋಮ. ನಲವತ್ತರ ಆಸುಪಾಸಿನಲ್ಲಿ ನೀರು ತುಂಬಿದ ಚೀಲಗಳು ಜಾಸ್ತಿ. ಆದರೆ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ಹೇಳುವ ಹಾಗಿಲ್ಲ.

ಬಾಣಂತಿಯರ ವಿಷಯ ಸ್ವಲ್ಪ ಬೇರೆ. ಎದೆ ಕೆಂಪಾಗಿ ಬಿಸಿಯಾದರೆ "ಹಾಲು ಗಟ್ಟಿದೆ" ಅನ್ನುತ್ತೇವೆ, ಬಹುಪಾಲು ಅದೇ ಆಗಿರುತ್ತದೆ. ಆದರೆ ಔಷಧಿ ತೆಗೆದುಕೊಂಡು ವಾರ, ಹತ್ತು ದಿನವಾದರೂ ಇಳಿಯದಿದ್ದರೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಅಪರೂಪಕ್ಕೆ ಒಂದು ಬಗೆಯ ಕ್ಯಾನ್ಸರ್ ಇದೇ ವೇಷದಲ್ಲಿ ಬರುತ್ತದೆ.

ಲಕ್ಷಣ ಏನೂ ಇಲ್ಲದವರಿಗೆ

ನಾಲ್ಕು ದಾರಿ ಇವೆ.

ಮೊದಲನೆಯದು ನಿಮ್ಮ ಕೈ ನಿಮಗೆ. ತಿಂಗಳಿಗೊಮ್ಮೆ ಸ್ವಂತ ಪರೀಕ್ಷೆ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಚೀನಾದ ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ಇದನ್ನು ಒರೆಗೆ ಹಚ್ಚಿ ನೋಡಿದ್ದಾರೆ. 2002ರಲ್ಲಿ ಬಂದ ಫಲಿತಾಂಶ ನಿರಾಸೆಯದು. ಕಲಿಸಿದವರಲ್ಲೂ ಕಲಿಸದವರಲ್ಲೂ ಸಾವು ಒಂದೇ ಪ್ರಮಾಣ. ಕಲಿತವರಿಗೆ ಬೇಡದ ಬಯಾಪ್ಸಿ, ಅಂದರೆ ತುಂಡು ತೆಗೆದು ನೋಡುವ ಪರೀಕ್ಷೆ, ಮಾತ್ರ ಜಾಸ್ತಿಯಾದವು. ಹಾಗಂತ ಕೈಬಿಡಿ ಅಂತ ನಾನು ಹೇಳುವುದಿಲ್ಲ. ಶಾಸ್ತ್ರೋಕ್ತವಾಗಿ ಎಣಿಸಿಕೊಂಡು ಒತ್ತುವುದು ಬೇಡ, ನಿಮ್ಮ ಮೈ ಎಂದಿನಂತೆ ಹೇಗಿರುತ್ತದೆ ಅನ್ನುವುದು ಗೊತ್ತಿರಲಿ. ಮುಟ್ಟು ಮುಗಿದ ವಾರದಲ್ಲಿ, ಸ್ನಾನದ ಹೊತ್ತಿಗೆ. ಬದಲಾದರೆ ಗೊತ್ತಾಗುತ್ತದೆ. ಚಿಗವ್ವನಿಗೆ ಗೊತ್ತಾಗಿತ್ತು ಕೂಡ. ಆಕೆಗೆ ಕಡಿಮೆ ಬಿದ್ದದ್ದು ಆಮೇಲಿನ ಹೆಜ್ಜೆ.

ಎರಡನೆಯದು ತರಬೇತಿ ಪಡೆದವರ ಕೈ. ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರ, ಪಟ್ಟಣಗಳಲ್ಲಿರುವ "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್, ಇಲ್ಲೆಲ್ಲ ಖರ್ಚಿಲ್ಲ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಎದೆ ಪರೀಕ್ಷೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರ್ಮ್ ತುಂಬಿಕೊಳ್ಳುತ್ತಾಳಲ್ಲ, ಬಿಪಿ, ಶುಗರ್ ಜೊತೆ ಎದೆಯಲ್ಲಿ ಗಂಟು ಇದೆಯಾ, ತೊಟ್ಟಿನಿಂದ ರಕ್ತ ಬರುತ್ತದಾ, ಆಕಾರ ಬದಲಾಗಿದೆಯಾ ಅನ್ನುವ ಪ್ರಶ್ನೆಗಳೂ ಅದರಲ್ಲಿ ಇರುತ್ತವೆ. ಅತ್ತೆ, ಮಾವ ಪಡಸಾಲೆಯಲ್ಲಿ ಕೂತಿರುವಾಗ ಕೇಳಿದರೆ ಯಾವ ಸೊಸೆ ಹೌದು ಅಂತಾಳೆ? ಒಳಗೆ ಕರೆದುಕೊಂಡು ಹೋಗಿ ಹೇಳಿ. ಇನ್ನೊಂದು ಮಾತು. ಫಾರ್ಮಿನಲ್ಲಿ "ಇಲ್ಲ" ಅಂತ ಗುರುತು ಹಾಕಿದ್ದು ಪರೀಕ್ಷೆ ಅಲ್ಲ. ಪರೀಕ್ಷೆ ಅಂದರೆ ಪರದೆಯ ಹಿಂದೆ ಕುಬಸ ಬಿಚ್ಚಿ, ಕೂರಿಸಿ ಒಮ್ಮೆ, ಮಲಗಿಸಿ ಒಮ್ಮೆ, ಎರಡೂ ಎದೆ ಮತ್ತು ಕಂಕುಳು ನೋಡಬೇಕು.

ಇದರಿಂದ ಏನು ಉಪಯೋಗ ಅಂತ ಮೂಗು ಮುರಿಯುವವರಿಗೆ ಮುಂಬೈ ಟಾಟಾ ಆಸ್ಪತ್ರೆಯವರ ಉತ್ತರ ಇದೆ. 1998ರಿಂದ ಇಪ್ಪತ್ತು ವರ್ಷ, ಮುಂಬೈನ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರನ್ನು ಗಮನಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ಎರಡು ವರ್ಷಕ್ಕೊಮ್ಮೆ ಕೈಯಿಂದ ನೋಡಿದ್ದು ಡಾಕ್ಟರುಗಳಲ್ಲ, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು. 50 ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು 30 ಶೇಕಡಾ ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ಫಾಯದೆ ಕಾಣಲಿಲ್ಲ. ಮ್ಯಾಮೊಗ್ರಾಮ್ ಯಂತ್ರ ಹತ್ತಿರ ಇಲ್ಲದ ಹಳ್ಳಿಯ ಅವ್ವಂದಿರಿಗೆ ಇದು ಬಡವರ ಬದಲಿ ಅಲ್ಲ, ಒಳ್ಳೆಯ ಪರೀಕ್ಷೆಯೇ.

ಮೂರನೆಯದು ಮ್ಯಾಮೊಗ್ರಾಮ್. ಎದೆಯನ್ನು ಎರಡು ಹಲಗೆಗಳ ನಡುವೆ ಕೆಲವೇ ಸೆಕೆಂಡು ಒತ್ತಿ ತೆಗೆಯುವ ಎಕ್ಸ್‌ರೇ. ಒಂದೊಂದು ಕಡೆ ಎರಡೆರಡು ಚಿತ್ರ. ನೋವಾಗುತ್ತದಾ? ಆಗುತ್ತದೆ, ಆದರೆ ಹೊಸ ಬಳೆ ಇಡಿಸಿಕೊಂಡಷ್ಟು ಹೊತ್ತೂ ಇರುವುದಿಲ್ಲ. ಎಕ್ಸ್‌ರೇಯಿಂದಲೇ ಕ್ಯಾನ್ಸರ್ ಬರುತ್ತದೆ ಅನ್ನುವ ಭಯ ಬೇಡ. ಸುಮಾರು ಏಳು ವಾರ ಸುಮ್ನೆ ಮನೆಯಲ್ಲಿದ್ದರೆ ಸುತ್ತಲಿನ ನೆಲ, ಗಾಳಿ, ಆಕಾಶದಿಂದ ಮೈಗೆ ತಾಗುವಷ್ಟೇ ವಿಕಿರಣ ಅದು. ಇದರ ದೊಡ್ಡ ಗುಣ ಎಂದರೆ ಕೈಗೆ ಹತ್ತದ ಗಂಟನ್ನು, ಕೆಲವೊಮ್ಮೆ ಶುರುವಿನ ಕ್ಯಾನ್ಸರಿನ ಗುರುತಾಗಿರುವ, ಉಪ್ಪಿನ ಹರಳಿನಂಥ ಸುಣ್ಣದ (ಕ್ಯಾಲ್ಸಿಯಂ) ಕಣಗಳನ್ನು ತೋರಿಸುವುದು. ಅಮೆರಿಕದ ಈಗಿನ ಸಲಹೆ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ. ನಮ್ಮಲ್ಲಿ ಸರ್ಕಾರ ಎಲ್ಲರಿಗೂ ಮ್ಯಾಮೊಗ್ರಾಮ್ ಮಾಡುವುದಿಲ್ಲ, ಕೈ ಪರೀಕ್ಷೆಯಲ್ಲಿ ಅನುಮಾನ ಬಂದವರನ್ನು ಮುಂದಕ್ಕೆ ಕಳಿಸುತ್ತದೆ.

ದೋಷವೂ ಇದೆ. ಎಂಟು ಕ್ಯಾನ್ಸರಿನಲ್ಲಿ ಸುಮಾರು ಒಂದು ಇದರ ಕಣ್ಣು ತಪ್ಪಿಸುತ್ತದೆ. ಹರೆಯದವರಲ್ಲಿ ಇನ್ನೂ ಕಷ್ಟ. ಅವರ ಎದೆಯ ಅಂಗಾಂಶ ದಟ್ಟ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗಂಟೂ ಬೆಳ್ಳಗೆ. ಹತ್ತಿ ಹೊಲದಲ್ಲಿ ಬೆಳ್ಳಕ್ಕಿ ಹುಡುಕಿದ ಹಾಗೆ. ಅದಕ್ಕೇ ಮೂವತ್ತರ ಹುಡುಗಿಗೆ, ಮನೆತನದ ತೊಂದರೆ ಏನೂ ಇಲ್ಲದಿದ್ದರೆ, ತಪಾಸಣೆಗೆ ಅಂತ ಮ್ಯಾಮೊಗ್ರಾಮ್ ಮಾಡಿಸುವುದು ದುಡ್ಡು ದಂಡ.

ನಾಲ್ಕನೆಯದು ಎಂಆರ್‌ಐ. ತುಂಬ ಚುರುಕು, ಖರ್ಚೂ ಹಲವು ಪಟ್ಟು, ಕೈಗೆ ಔಷಧಿ ಚುಚ್ಚಿ ಕೊಳವೆಯಂಥ ಯಂತ್ರದಲ್ಲಿ ಬೋರಲು ಮಲಗಬೇಕು. ಬಿಆರ್‌ಸಿಎ ಅನ್ನುವ ಜೀನಿನಲ್ಲಿ ದೋಷ ಇರುವವರಿಗೆ, ಚಿಕ್ಕವರಿದ್ದಾಗ ಎದೆಗೆ ರೇಡಿಯೇಷನ್ ಆದವರಿಗೆ ಇದು. ಉಳಿದವರು ಕೇಳಿದರೂ ಒಳ್ಳೆಯ ಡಾಕ್ಟರ್ ಬರೆದುಕೊಡುವುದಿಲ್ಲ.

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಎಲ್ಲಿ ಹೋಯಿತು ಅಂತೀರಾ? ತಪಾಸಣೆಗೆ ಅದೊಂದನ್ನೇ ನಂಬುವ ಹಾಗಿಲ್ಲ, ಸುಣ್ಣದ ಕಣ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಅದರ ಕೆಲಸ ಮುಂದೆ ಬರುತ್ತದೆ.

ಆರಿಸಿಕೊಳ್ಳಲೇಬಾರದ ಎರಡನ್ನೂ ಹೇಳಿಬಿಡುತ್ತೇನೆ. ಒಂದು, ಮೈ ಶಾಖದ ಫೋಟೊ ತೆಗೆಯುವ ಥರ್ಮೊಗ್ರಫಿ. ಮುಟ್ಟುವುದಿಲ್ಲ, ಒತ್ತುವುದಿಲ್ಲ, ನೋವಿಲ್ಲ ಅಂತ ಚೆಂದಾಗಿ ಹೇಳುತ್ತಾರೆ. ಅದು ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಇನ್ನೊಂದು, ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಸೇರಿಸುವ ಸಿಎ 15-3 ರಕ್ತ ಪರೀಕ್ಷೆ. ಶುರುವಿನ ಕ್ಯಾನ್ಸರಿನಲ್ಲಿ ಅದು ಹೆಚ್ಚಾಗಿ ನಾರ್ಮಲ್ಲೇ ಇರುತ್ತದೆ. ರಕ್ತದಲ್ಲಿ ಏನೂ ಬಂದಿಲ್ಲ ಅಂತ ನೆಮ್ಮದಿಯಾಗಿ ಮಲಗುವ ಹಾಗಿಲ್ಲ.

ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ

ಇದನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ. ಈ ಕಾಯಿಲೆ ಬಂದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಣ್ಣಾಗಿರುವುದು ಮತ್ತು ವಯಸ್ಸು ಬಿಟ್ಟರೆ ಬೇರೆ ಕಾರಣವೇ ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಂಶದಿಂದ ಬಂದದ್ದು ನೂರಕ್ಕೆ ಐದರಿಂದ ಹತ್ತು ಮಾತ್ರ. ಆದರೆ ಆ ಐದು, ಹತ್ತರಲ್ಲಿ ನೀವಿದ್ದರೆ ಮೇಲಿನ ಹೋಲಿಕೆಯೆಲ್ಲ ಬದಲಾಗುತ್ತದೆ. ತಪಾಸಣೆ ಬೇಗ ಶುರುವಾಗಬೇಕು, ಎಂಆರ್‌ಐ ಸೇರಬೇಕು.

ಹಾಗಾದರೆ ಯಾರನ್ನು ಲೆಕ್ಕಕ್ಕೆ ಹಿಡಿಯುವುದು? ಅವ್ವ, ಅಕ್ಕ ತಂಗಿ, ಮಗಳು. ಅವ್ವನ ಕಡೆಯ ಅಜ್ಜಿ, ಚಿಗವ್ವ, ದೊಡ್ಡವ್ವ. ಇಲ್ಲಿಗೆ ನಿಲ್ಲಿಸುತ್ತಾರೆ ಎಲ್ಲರೂ. ಅಪ್ಪನ ಕಡೆಯವರೂ ಅಷ್ಟೇ ಮುಖ್ಯ, ಏಕೆಂದರೆ ಮೇಲೆ ಹೇಳಿದ ಬಿಆರ್‌ಸಿಎ ಜೀನಿನ ದೋಷ ಅಪ್ಪನಿಂದಲೂ ಬರುತ್ತದೆ. ಅಂಡಾಶಯದ ಕ್ಯಾನ್ಸರ್ ಯಾರಿಗಾದರೂ ಇದ್ದರೆ ಅದನ್ನೂ ಹೇಳಿ. ಗಂಡಸರಿಗೆ ಎದೆ ಕ್ಯಾನ್ಸರ್ ಬಂದಿದ್ದರಂತೂ ಹೇಳಲೇಬೇಕು. ನೂರರಲ್ಲಿ ಒಬ್ಬರೋ ಅದಕ್ಕೂ ಕಡಿಮೆಯೋ ಗಂಡಸರೂ ಇದಕ್ಕೆ ಸಿಗುತ್ತಾರೆ.

ಅತ್ತೆಗೆ ಬಂದಿತ್ತು ಅಂತ ಸೊಸೆ ಹೆದರಬೇಕಿಲ್ಲ, ರಕ್ತ ಬೇರೆ. ಆದರೆ ನಮ್ಮ ಕಡೆ ಸೋದರ ಸಂಬಂಧದ ಮದುವೆ ಇನ್ನೂ ಇವೆಯಲ್ಲ? ಅತ್ತೆ ಅಪ್ಪನ ಒಡಹುಟ್ಟಿದವಳೇ ಆಗಿದ್ದರೆ ಆಕೆ ಲೆಕ್ಕಕ್ಕೆ ಬರುತ್ತಾಳೆ. ಡಾಕ್ಟರಿಗೆ ಬರೀ "ಅತ್ತೆ" ಅನ್ನಬೇಡಿ, ಬಿಡಿಸಿ ಹೇಳಿ.

ಉಳಿದ ಕಾರಣಗಳು: ವಯಸ್ಸು, 12ಕ್ಕಿಂತ ಮುಂಚೆ ಮೈ ನೆರೆಯುವುದು, 55ರ ನಂತರ ಮುಟ್ಟು ನಿಲ್ಲುವುದು, ಮಕ್ಕಳಾಗದಿರುವುದು ಇಲ್ಲವೇ ಮೂವತ್ತರ ಮೇಲೆ ಮೊದಲ ಹೆರಿಗೆ, ಮುಟ್ಟು ನಿಂತ ಮೇಲೆ ಮೈ ಬರುವುದು, ಕುಡಿತ, ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ. ಮೊಲೆಯೂಡಿಸುವುದು ಸ್ವಲ್ಪ ಕಾಪಾಡುತ್ತದೆ. ಸ್ವಲ್ಪ ಮಾತ್ರ. ಚಿಗವ್ವ ಮೂರು ಮಕ್ಕಳಿಗೆ ಹಾಲು ಕುಡಿಸಿದವಳು. ಕಪ್ಪು ಬ್ರಾ, ಬಿಗಿ ಕುಬಸ, ಮಗು ಒದ್ದದ್ದು, ಇವಕ್ಕೂ ಕ್ಯಾನ್ಸರಿಗೂ ಸಂಬಂಧ ಇಲ್ಲ.

ಗಂಟು ಸಿಕ್ಕಿದ್ದರೆ

ಇಲ್ಲಿ ಮೂರು ಕೆಲಸ ಸೇರಿ ಒಂದು ಉತ್ತರ: ಡಾಕ್ಟರ ಕೈ, ಚಿತ್ರ, ಸೂಜಿ. ಯಾವುದೋ ಒಂದರಲ್ಲಿ ನಿಲ್ಲಬಾರದು.

ಚಿತ್ರ ಯಾವುದು ಅನ್ನುವುದು ವಯಸ್ಸಿನ ಮೇಲೆ. ಮೂವತ್ತರ ಒಳಗಿದ್ದರೆ, ಬಸುರಿ ಅಥವಾ ಬಾಣಂತಿಯಾಗಿದ್ದರೆ ಮೊದಲು ಅಲ್ಟ್ರಾಸೌಂಡ್. ಗಂಟಿನಲ್ಲಿ ನೀರಿದೆಯೋ ಗಟ್ಟಿಯಿದೆಯೋ ಅಂತ ಅದು ಥಟ್ಟನೆ ಹೇಳುತ್ತದೆ. ನಲವತ್ತು ದಾಟಿದ್ದರೆ ಮ್ಯಾಮೊಗ್ರಾಮ್, ಜೊತೆಗೆ ಅಲ್ಟ್ರಾಸೌಂಡೂ. ನಡುವಿನವರಿಗೆ ಡಾಕ್ಟರ್ ನೋಡಿ ಹೇಳುತ್ತಾರೆ.

ರಿಪೋರ್ಟಿನ ಕೊನೆಗೆ ಬೈರಾಡ್ಸ್ ಅಂತ ಒಂದು ಅಂಕಿ ಇರುತ್ತದೆ. ಮೊದಲು ಅದನ್ನು ನೋಡಿ. 1, 2 ಅಂದರೆ ಚಿತ್ರದಲ್ಲಿ ಚಿಂತೆ ಪಡುವಂಥದ್ದು ಕಂಡಿಲ್ಲ. 3 ಅಂದರೆ ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಎರಡರೊಳಗೆ, ಆರು ತಿಂಗಳಿಗೆ ಮತ್ತೆ ತೋರಿಸಬೇಕು. 4, 5 ಅಂದರೆ ಸೂಜಿ ಪರೀಕ್ಷೆ ಆಗಲೇಬೇಕು. 0 ಕಂಡು "ಸೊನ್ನೆ, ಅಂದರೆ ಏನಿಲ್ಲ" ಅಂತ ಒಬ್ಬರು ದವಾಖಾನೆಯ ಕಟ್ಟೆ ಮೇಲೆ ಪೇಢಾ ಹಂಚಲು ಹೊರಟಿದ್ದರು. ಸೊನ್ನೆ ಅಂದರೆ ಪರೀಕ್ಷೆ ಪೂರ್ತಿಯಾಗಿಲ್ಲ, ಇನ್ನೂ ಚಿತ್ರ ಬೇಕು ಅಂತ.

ಸೂಜಿಯಲ್ಲೂ ಎರಡು ಬಗೆ. ಎಫ್‌ಎನ್‌ಎಸಿ ಸಣ್ಣ ಸೂಜಿ, ಇಂಜೆಕ್ಷನ್ ಥರ. ಬೇಗ ಆಗುತ್ತದೆ, ಅಗ್ಗ, ಜಿಲ್ಲಾ ಮಟ್ಟದಲ್ಲೂ ಸಿಗುತ್ತದೆ. ಬರೀ ಬಿಡಿ ಜೀವಕೋಶ ಬರುತ್ತವೆ. ಕೋರ್ ಬಯಾಪ್ಸಿ ದಪ್ಪ ಸೂಜಿ, ಜಾಗ ಮರಗಟ್ಟಿಸಿ ನೂಲಿನಂಥ ಎಳೆ ತೆಗೆಯುತ್ತಾರೆ. ಕ್ಯಾನ್ಸರಿನ ಅನುಮಾನ ಗಟ್ಟಿಯಾಗಿದ್ದರೆ ನಾನು ಕೋರ್ ಬಯಾಪ್ಸಿಯನ್ನೇ ಕೇಳುತ್ತೇನೆ. ಯಾಕೆಂದರೆ ಇಆರ್, ಪಿಆರ್ (ಗಂಟು ಹಾರ್ಮೋನಿಗೆ ಸ್ಪಂದಿಸುತ್ತದಾ ಅಂತ ನೋಡುವವು), ಹರ್‌2 (ಒಂದು ಪ್ರೋಟೀನ್ ಹೆಚ್ಚಿದೆಯಾ ಅಂತ ನೋಡುವುದು) ಅನ್ನುವ ಮೂರು ಪರೀಕ್ಷೆ ಆ ಎಳೆಯ ಮೇಲೆ ಚೆನ್ನಾಗಿ ಆಗುತ್ತವೆ, ಮುಂದೆ ಯಾವ ಔಷಧಿ ಅಂತ ತೀರ್ಮಾನ ಆಗುವುದೇ ಅವುಗಳಿಂದ. "ಸೂಜಿ ತಾಗಿದರೆ ಹಬ್ಬತೈತಿ" ಅನ್ನುವ ಮಾತು ಸುಳ್ಳು. ಸೂಜಿ ಇಲ್ಲದೇ ನೇರ ಕತ್ತರಿ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ನೋಡಿಯಾಗಿದೆ.

ಎದೆ ಉಳಿಸಿಕೊಂಡು ಗಂಟಷ್ಟೇ ತೆಗೆಸುವುದೋ, ಪೂರ್ತಿ ತೆಗೆಸುವುದೋ ಅನ್ನುವುದು ಮುಂದಿನ ಕವಲು. ಮೊದಲ ಹಂತದಲ್ಲಿದ್ದರೆ ಎರಡರಲ್ಲೂ ಬದುಕುವ ಆಯುಷ್ಯ ಒಂದೇ ಎಂದು ಇಟಲಿ ಮತ್ತು ಅಮೆರಿಕದ ಇಪ್ಪತ್ತು ವರ್ಷದ ಅಧ್ಯಯನಗಳು 2002ರಲ್ಲಿ ತೋರಿಸಿವೆ. ಆದರೆ ಎದೆ ಉಳಿಸಿದರೆ ಸಾಮಾನ್ಯವಾಗಿ ರೇಡಿಯೇಷನ್ ಬೇಕು. ಈಗೀಗ ಅದು ಹೆಚ್ಚಾಗಿ ಮೂರು ವಾರ, ಸೋಮವಾರದಿಂದ ಶುಕ್ರವಾರ, ದಿನಾ. ಹಾವೇರಿಯ ಹಳ್ಳಿಯಿಂದ ದಿನಾ ಬಂದುಹೋಗುವುದಾ, ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಇರುವುದಾ ಅಂತ ಮೊದಲೇ ಯೋಚಿಸಿ. ಇದನ್ನು ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಹೇಳಬೇಕು.

ಎಲ್ಲಿಗೆ ಹೋಗುವುದು

ಹತ್ತಿರದ ಜಿಲ್ಲಾ ದವಾಖಾನೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಒಂದು ದಾರಿ: ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲಿ ಹಿಮ್ಸ್, ಧಾರವಾಡದ ಸಿವಿಲ್, ಹುಬ್ಬಳ್ಳಿಯಲ್ಲಿ ಇನ್ನೂ ಎಲ್ಲರೂ ಕಿಮ್ಸ್ ಅಂತಲೇ ಕರೆಯುವ ಕೆಎಂಸಿಆರ್‌ಐ. ಪಾಳಿ ಉದ್ದ, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಆದರೆ ಒಂದು ದೊಡ್ಡ ಲಾಭ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ದೊಡ್ಡ ಚಿಕಿತ್ಸೆಗೆ ಖಾಸಗಿ ಕಡೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರಿ ದವಾಖಾನೆಯ ರೆಫರಲ್ ಪತ್ರ ಬೇಕು, ಅದು ಇಲ್ಲೇ ಸಿಗುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ 30 ಶೇಕಡಾ, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿಯಲ್ಲಿ ಶುರು ಮಾಡಿ ದುಡ್ಡು ಮುಗಿದ ಮೇಲೆ ಕಾರ್ಡ್ ತೆಗೆಯುವವರನ್ನು ಬಹಳ ನೋಡಿದ್ದೇನೆ. ಕಾರ್ಡ್ ಮೊದಲು ತೆಗೆಯಿರಿ.

ಖಾಸಗಿ ಡಯಾಗ್ನೋಸ್ಟಿಕ್ ಸೆಂಟರ್ ಇನ್ನೊಂದು. ಅವತ್ತೇ ಚಿತ್ರ, ಹೆಚ್ಚಂದರೆ ಮರುದಿನ ರಿಪೋರ್ಟ್. ಬರೀ ಮ್ಯಾಮೊಗ್ರಾಮ್, ಸ್ಕ್ಯಾನಿಂಗ್ ಬೇಕಿದ್ದು ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಇದೇ ಸಲೀಸು. ಹೋಗುವ ಮುಂಚೆ ಫೋನ್ ಮಾಡಿ, ಯಂತ್ರ ನಡೆಯುತ್ತಿದೆಯಾ, ತೆಗೆಯುವವರು ಹೆಂಗಸರಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದ ಮೇಲೆ ಮಾತ್ರ ಸಣ್ಣ ಕಡೆ ನಿಲ್ಲಬೇಡಿ. ಸರ್ಜನ್, ಕಿಮೊ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಮೂವರೂ ಸಿಗುವ ಜಾಗ ಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ದವಾಖಾನೆ ಈ ಭಾಗದವರಿಗೆಲ್ಲ ಗೊತ್ತು, ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಅಲ್ಲೇ ಇಳಿಯಬಹುದು. ಸತ್ತೂರಿನ ಎಸ್‌ಡಿಎಂ ದವಾಖಾನೆ ಕೂಡ ಅದೇ ದಾರಿಯಲ್ಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ದವಾಖಾನೆಗೇ ಹೋಗಬೇಕು ಅನ್ನುವ ಹಟ ಎಲ್ಲರಿಗೂ ಬೇಡ. ಇಲ್ಲಿ ಆಗುವ ಕಿಮೊಗೆ ಮೂರು ವಾರಕ್ಕೊಮ್ಮೆ ರಾತ್ರಿ ರೈಲು ಹತ್ತುವುದು ರೋಗಿಗೂ ಕಷ್ಟ, ಜೊತೆಗಿರುವವರಿಗೂ ಕಷ್ಟ. ಎರಡನೇ ಅಭಿಪ್ರಾಯಕ್ಕೆ ಒಮ್ಮೆ ಹೋಗಿ ಬನ್ನಿ, ಸಾಕು.

ಮ್ಯಾಮೊಗ್ರಾಮ್ ದಿನದ ನಾಲ್ಕು ಮಾತು. ಮುಟ್ಟು ಮುಗಿದ ವಾರದಲ್ಲಿ ದಿನ ಗೊತ್ತು ಮಾಡಿ, ನೋವು ಕಡಿಮೆ. ಕಂಕುಳಿಗೆ ಪೌಡರ್, ಸೆಂಟ್ ಹಚ್ಚಬೇಡಿ, ಅದರ ಕಣ ಚಿತ್ರದಲ್ಲಿ ಸುಣ್ಣದ ಹಾಗೆ ಕಾಣುತ್ತದೆ. ಸೀರೆ ಕುಬಸವೋ, ಮೇಲೆ ಕೆಳಗೆ ಬೇರೆ ಇರುವ ಬಟ್ಟೆಯೋ ಇರಲಿ, ಉದ್ದ ಗೌನ್ ಬೇಡ. ಹಳೇ ಫಿಲ್ಮ್ ಮಡಚದೇ ತನ್ನಿ, ಹೋದ ಸಲದ್ದಕ್ಕೂ ಈ ಸಲದ್ದಕ್ಕೂ ಹೋಲಿಸಿ ನೋಡುತ್ತಾರೆ.

ಚಿಗವ್ವ ತನ್ನ ಫಿಲ್ಮುಗಳನ್ನು ಟ್ರಂಕಿನಲ್ಲಿ ಇಳಕಲ್ ಸೀರೆಯ ಕೆಳಗೆ ಚಪ್ಪಟೆಯಾಗಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಸೀಗಿ ಹುಣ್ಣಿಮೆ ಮುಗಿದ ಸೋಮವಾರ ಅವನ್ನು ಹಿಡಿದು ಹುಬ್ಬಳ್ಳಿಗೆ ಬರುತ್ತಾಳೆ. ಕಳೆದ ಸಲ ಜೊತೆಗೆ ಪಕ್ಕದ ಮನೆಯ ಸೊಸೆಯೂ ಇದ್ದಳು. ಆಕೆಯದು ನೀರಿನ ಚೀಲ, ಅಷ್ಟೇ.